ಲೇಬರ್ ಶೆಡ್‌ನ ಆದಿವಾಸಿ ಮಕ್ಕಳಿಗೆ ಬೆಂಗಳೂರಿನಲ್ಲಿ ಯಾವ ಹಕ್ಕುಗಳಿವೆ?

ಸರ್ಜಾಪುರ ರಸ್ತೆ ನಿವಾಸಿ:

ನಮ್ಮ ಬಡಾವಣೆಯ ಹಿಂಬದಿಯಲ್ಲಿ ವಸತಿ ಸಮುಚ್ಚಯವೊಂದರ ಕಾಮಗಾರಿ ನಡೆಯುತ್ತಿದ್ದು, ಕೆಲಸಗಾರರು ತಗಡಿನ ಶೆಡ್‌ಗಳಲ್ಲಿ ವಾಸವಾಗಿದ್ದಾರೆ. ಅವರಲ್ಲಿ ಬಹುಪಾಲು ಜಾರ್ಖಂಡಿನ ಸಂತಾಲರು ಮತ್ತು ಮುಂಡಾಗಳು. ಕನಕಪುರದ ಕಡೆಯ ಕೆಲವು ಇರುಳಿಗ ಕುಟುಂಬಗಳೂ ಇವೆ. ತಾಯಂದಿರು ಇಟ್ಟಿಗೆ, ಜಲ್ಲಿ ಹೊರುವ ಹೊತ್ತಿನಲ್ಲಿ ಚಿಕ್ಕ ಮಕ್ಕಳು ಕಬ್ಬಿಣದ ಸರಳುಗಳ ನಡುವೆ ಇರುತ್ತಾರೆ, ಏಳೆಂಟು ವರ್ಷದ ಅಕ್ಕಂದಿರು ಶಾಲೆ ಬಿಟ್ಟು ಅವರನ್ನು ನೋಡಿಕೊಳ್ಳುತ್ತಾರೆ. ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಿದಾಗ, ಇಲ್ಲಿನ ವಿಳಾಸದ ಆಧಾರ್ ಮತ್ತು ಪಡಿತರ ಚೀಟಿ ಇಲ್ಲದೆ ಹೆಸರು ಬರೆದುಕೊಳ್ಳಲಾಗದು ಎಂದರು. ಇನ್ನೊಂದು ಕಚೇರಿಯಲ್ಲಿ, ಜಾರ್ಖಂಡಿನವರು ಇಲ್ಲಿ ಪರಿಶಿಷ್ಟ ಪಂಗಡದವರಲ್ಲವೆಂಬ ಉತ್ತರ ಸಿಕ್ಕಿತು. ಕಾನೂನು ನಿಜವಾಗಿ ಏನು ಹೇಳುತ್ತದೆ, ಮತ್ತು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ವಕೀಲ, ಶಿವಾಜಿನಗರ:

ನಿಮಗೆ ಸಿಕ್ಕ ಎರಡನೆಯ ಉತ್ತರ ಸರಿ, ಮೊದಲನೆಯದು ತಪ್ಪು. ಸಂವಿಧಾನದ 342ನೇ ವಿಧಿಯ ಪ್ರಕಾರ ಪರಿಶಿಷ್ಟ ಪಂಗಡಗಳ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. ಒಂದು ರಾಜ್ಯದ ಪಂಗಡದವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದಾಗ ಮೀಸಲಾತಿಯ ಸೌಲಭ್ಯ ಅವರ ಜೊತೆಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ತಲೆಮಾರುಗಳಿಂದ ಅಸ್ಸಾಮಿನ ಚಹಾ ತೋಟಗಳಲ್ಲಿ ದುಡಿದ ಸಂತಾಲರಿಗೂ ಅಲ್ಲಿ ಆ ಸ್ಥಾನ ದೊರೆತಿಲ್ಲ. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲವೆಂಬುದೇ ನನ್ನ ಅಭಿಪ್ರಾಯ, ಆದರೆ ಸದ್ಯದ ಕಾನೂನು ಅದು. ಇರುಳಿಗರ ಮಾತು ಬೇರೆ; ಅವರು ಕರ್ನಾಟಕದ ಪಟ್ಟಿಯಲ್ಲಿಯೇ ಇದ್ದಾರೆ. ತಹಶೀಲ್ದಾರರು ಅವರಿಗೆ ಜಾತಿ ಪ್ರಮಾಣಪತ್ರ ನಿರಾಕರಿಸಿದರೆ ಮೂವತ್ತು ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಆದರೆ ಮಗುವಿನ ಊಟಕ್ಕೂ ಈ ಪಟ್ಟಿಗೂ ಸಂಬಂಧವೇ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮು ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿಗೆ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಆಹಾರ ದೊರೆಯಬೇಕೆಂದು ವಿಧಿಸುತ್ತದೆಯೇ ಹೊರತು, ಜಾತಿಯನ್ನಾಗಲಿ ಪಡಿತರ ಚೀಟಿಯನ್ನಾಗಲಿ ಷರತ್ತಾಗಿ ಇಟ್ಟಿಲ್ಲ. ಆಧಾರ್ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಸೌಲಭ್ಯ ನಿರಾಕರಿಸಬಾರದೆಂಬುದನ್ನು 2019ರ ತಿದ್ದುಪಡಿ ಆಧಾರ್ ಕಾಯ್ದೆಯಲ್ಲಿಯೇ ಸೇರಿಸಿದೆ. ಆ ಅಕ್ಕಂದಿರ ವಿಷಯವೂ ಹಾಗೆಯೇ: ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಆದ್ದರಿಂದ ಅರ್ಜಿಯನ್ನು ಆದಿವಾಸಿಗಳಿಗೆ ಕೊಡುವ ರಿಯಾಯಿತಿಯೆಂದು ಬರೆಯದೆ ಮಗುವಿನ ಹಕ್ಕೆಂದು ಬರೆಯಿರಿ.

ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ:

ವಕೀಲರು ಹೇಳಿದ್ದು ಸರಿ. ಆದರೂ ಆ ಕಾರ್ಯಕರ್ತೆಯ ಮೇಲೆ ಸಿಟ್ಟಾಗುವ ಮುನ್ನ ಒಂದು ಸಂಗತಿಯನ್ನು ಗಮನಿಸಬೇಕು. ಅಂಗನವಾಡಿಗೆ ದಿನಸಿ ಬರುವುದು ದಾಖಲಾದ ಮಕ್ಕಳ ಲೆಕ್ಕದಲ್ಲಿ. ದಾಖಲೆಯಿಲ್ಲದೆ ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡರೆ ಇದ್ದವರ ತಟ್ಟೆಯಿಂದಲೇ ತೆಗೆದು ಬಡಿಸಬೇಕಾಗುತ್ತದೆ. ಹಾಗಾಗಿ ಮನವಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶೆಡ್‌ಗಳಲ್ಲಿ ಆರು ವರ್ಷದೊಳಗಿನ ಕನಿಷ್ಠ ನಲವತ್ತು ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಹೊಸ ಕೇಂದ್ರ ಒದಗಿಸಬೇಕೆಂದು ಸುಪ್ರೀಂ ಕೋರ್ಟಿನ 2006ರ ಡಿಸೆಂಬರ್ 13ರ ಆದೇಶವಿದೆ. ಇಲಾಖೆಯಲ್ಲಿಯೂ ಇದನ್ನು ಬಲ್ಲವರು ಕಡಿಮೆ.

ಆದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯಿಂದ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರ ಮಾತ್ರ, ಅವರನ್ನು ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿಲ್ಲ. ಅದರ ಹೊಣೆ ಕಾಮಗಾರಿ ನಡೆಸುವವರದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮಿನಂತೆ ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಕಡ್ಡಾಯವಾಗಿತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಇದರಿಂದ ತಪ್ಪಿಸಿಕೊಳ್ಳುವ ದಾರಿಯನ್ನೂ ಕಂಡಿದ್ದೇನೆ: ಗಂಡ ಹೆಂಡತಿ ಇಬ್ಬರ ಕೂಲಿಯನ್ನೂ ಮೇಸ್ತ್ರಿ ಗಂಡನ ಹೆಸರಿನಲ್ಲಿ ಬರೆದುಬಿಡುತ್ತಿದ್ದ, ಹಾಜರಿ ಪುಸ್ತಕದಲ್ಲಿ ಹೆಂಗಸರ ಸಂಖ್ಯೆ ಎಂದೂ ಐವತ್ತನ್ನು ದಾಟುತ್ತಿರಲಿಲ್ಲ. ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡುವಾಗ ಪುಸ್ತಕವನ್ನು ನೋಡಿದರೆ ಸಾಲದು, ಕೆಲಸದ ಜಾಗಕ್ಕೇ ಬಂದು ಎಣಿಸಬೇಕೆಂದು ಕೇಳಿ.

ಓದುಗ, ಜಯನಗರ:

ಇಷ್ಟೆಲ್ಲ ಅಲೆದಾಟದ ಬದಲು ಮಕ್ಕಳನ್ನು ವಸತಿ ಶಾಲೆಗೋ ಆಶ್ರಮ ಶಾಲೆಗೋ ಸೇರಿಸುವುದು ಮೇಲಲ್ಲವೇ? ಊಟ, ಪಾಠ ಎರಡೂ ಒಂದೇ ಕಡೆ ಸಿಗುತ್ತವೆ.

ನಾಗಪುರ ಹಾಡಿಯವಳು (ಹುಣಸೂರು ತಾಲ್ಲೂಕು):

ಜಯನಗರದವರಿಗೆ: ಈ ಚರ್ಚೆ ಮುಖ್ಯವಾಗಿ ಆರು ವರ್ಷದೊಳಗಿನ ಮಕ್ಕಳನ್ನು ಕುರಿತದ್ದು, ಆಶ್ರಮ ಶಾಲೆಯಾದರೂ ಒಂದನೇ ತರಗತಿಯಿಂದ ಆರಂಭವಾಗುತ್ತದೆ. ತಂದೆತಾಯಿಗೆ ಕೆಲಸದ ಜಾಗದಲ್ಲಿ ಸಲ್ಲಬೇಕಾದುದನ್ನು ಕೊಡದೆ ಮಗುವನ್ನೇ ಅವರಿಂದ ಬೇರ್ಪಡಿಸುವುದು ಪರಿಹಾರವೆನಿಸಿಕೊಳ್ಳದು. ನಿಮ್ಮ ಬಡಾವಣೆಯ ಮಕ್ಕಳಿಗೆ ಇಂಥ ಸಲಹೆಯನ್ನು ಯಾರೂ ಕೊಡುವುದಿಲ್ಲ.

ನಾನು ಜೇನು ಕುರುಬ ಸಮುದಾಯದವಳು, ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ನಾಗರಹೊಳೆಯಿಂದ ಹೊರಹಾಕಲಾದ ಕುಟುಂಬಗಳ ಬಗ್ಗೆ ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, 3,418 ಕುಟುಂಬಗಳನ್ನು ಗುರುತಿಸಿತು. ಹೀಗೆ ಹೊರಬಿದ್ದವರಲ್ಲಿ ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳನ್ನು (ಕೂಲಿಗಾರರ ಸಾಲುಮನೆಗಳನ್ನು) ಸೇರಿದರು, ಅವರ ಮಕ್ಕಳು ಬೆಳೆದದ್ದೂ ತೋಟದ ಅಂಚಿನಲ್ಲಿಯೇ. ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದೆಂದು 2006ರ ಅರಣ್ಯ ಹಕ್ಕು ಕಾಯ್ದೆಯ 4(5) ಕಲಮು ಹೇಳುತ್ತದೆ, ಆದರೆ ಆ ಕಾಯ್ದೆ ಬರುವ ವೇಳೆಗೆ ನಮ್ಮ ಹಿರಿಯರು ಕಾಡಿನಿಂದ ಹೊರಗಿದ್ದರು. ಜಾರ್ಖಂಡಿನಲ್ಲಿ ಆದಿವಾಸಿ ಭೂಮಿಯ ಪರಭಾರೆಯನ್ನು ತಡೆಯಲು 1908ರ ಛೋಟಾನಾಗಪುರ ಗೇಣಿ ಕಾಯ್ದೆಯೂ 1949ರ ಸಂತಾಲ ಪರಗಣ ಗೇಣಿ ಕಾಯ್ದೆಯೂ ಇವೆ. ಹಾಗಿದ್ದೂ ಗಣಿಗಳಿಗೆ, ಅಣೆಕಟ್ಟುಗಳಿಗೆ ನೆಲ ಬಿಟ್ಟು ಹೊರಟವರು ಅಲ್ಲಿಯೂ ಲೆಕ್ಕವಿಲ್ಲದಷ್ಟು.

ಮಗುವಿನ ಹಕ್ಕೆಂದು ಮಾತ್ರ ಬರೆಯಿರಿ ಎಂಬ ವಕೀಲರ ಸಲಹೆಯನ್ನು ನಾನು ಪೂರ್ತಿ ಒಪ್ಪಲಾರೆ. ಊಟಕ್ಕೆ ಅದು ಸಾಕು. ಆದರೆ ಇವರು ಯಾವ ಸಮುದಾಯದವರು, ಯಾವ ಊರಿನ ನೆಲ ಕಳೆದುಕೊಂಡು ಬಂದರು ಎಂಬುದನ್ನು ಅರ್ಜಿಯಿಂದಲೂ ಅಳಿಸಿದರೆ, ಸರ್ಕಾರದ ಕಡತದಲ್ಲಿ ಅವರು ಹೊರರಾಜ್ಯದ ಕೂಲಿಗಳಾಗಿ ಮಾತ್ರ ಉಳಿಯುತ್ತಾರೆ. ಮತ್ತೊಂದು ಮಾತು, ಅರ್ಜಿ ಬರೆಯುವ ಮುನ್ನ ತಾಯಂದಿರನ್ನು ಕೂರಿಸಿ ಕೇಳಿ. ಮೇಸ್ತ್ರಿ ಕೆಲಸದಿಂದ ತೆಗೆದರೆ ಅದರ ಪೆಟ್ಟು ಬೀಳುವುದು ಅವರಿಗೆ, ನಮಗಲ್ಲ.

ವಕೀಲ, ಶಿವಾಜಿನಗರ:

ಆಕ್ಷೇಪ ನ್ಯಾಯವಾದುದೇ. ಸಮುದಾಯದ ಹೆಸರನ್ನು ಅರ್ಜಿಯ ಪೀಠಿಕೆಯಲ್ಲಿ ಬರೆದು, ಬೇಡಿಕೆಯನ್ನು ಮಾತ್ರ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮಿನ ಮೇಲೆ ನಿಲ್ಲಿಸಬಹುದು. ತಂದೆಯ ಬಳಿ ಜಾರ್ಖಂಡಿನ ಪ್ರಮಾಣಪತ್ರವಿದ್ದರೆ ಜೋಪಾನವಾಗಿಡಲು ಹೇಳಿ; ಮುಂದೆ ಕೇಂದ್ರ ಸರ್ಕಾರದ ಸಂಸ್ಥೆಗಳ ಮೀಸಲಾತಿಗೆ ಮಗುವಿಗೆ ಅದು ಬೇಕಾಗುತ್ತದೆ.

ಸರ್ಜಾಪುರ ರಸ್ತೆ ನಿವಾಸಿ:

ಎಲ್ಲರಿಗೂ ಕೃತಜ್ಞತೆಗಳು. ವಾರದ ರಜೆಯ ದಿನ ತಾಯಂದಿರ ಜೊತೆ ಮಾತನಾಡುತ್ತೇನೆ. ಶೆಡ್‌ನಲ್ಲಿಯೇ ಹುಟ್ಟಿದ ಎರಡು ಮಕ್ಕಳ ಜನನ ನೋಂದಣಿ ಆಗಿಲ್ಲವೆಂದು ತಿಳಿಯಿತು; ಎರಡೂ ಮಕ್ಕಳಿಗೆ ಇನ್ನೂ ವರ್ಷ ತುಂಬಿಲ್ಲ.

ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ:

ಹಾಗಾದರೆ ಅದನ್ನೇ ಮೊದಲು ಮಾಡಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ದಾಖಲೆ ಇಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ವಕೀಲರು ಹೇಳಿದ್ದು ನಿಜ, ಆದರೂ 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆಯ ಪ್ರವೇಶಕ್ಕೆ ಹುಟ್ಟಿದ ದಿನಾಂಕದ ದಾಖಲೆಯೆಂದರೆ ಜನನ ಪ್ರಮಾಣಪತ್ರವೇ. ಬಸುರಿಯಿದ್ದಾಗ ಆರೋಗ್ಯ ಇಲಾಖೆಯವರು ಕೊಡುವ ತಾಯಿ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ, ಆ ಭಾಗದ ಆಶಾ ಕಾರ್ಯಕರ್ತೆಯನ್ನೂ ಕರೆದುಕೊಂಡು ಹೋಗಿ.