ಕೇಸ್ ಶೀಟಿನಲ್ಲಿ ‘ಸಿಪಿಆರ್ ಬೇಡ’ ಎಂದಿದ್ದರೆ ರಾತ್ರಿ ಪಾಳಿಯವರು ಏನು ಮಾಡಬೇಕು?

ವಾರ್ಡ್_ಸಿಸ್ಟರ್ (ಪ್ರಶ್ನೆ)

ಕೊನೆಯ ಹಂತದ ಕ್ಯಾನ್ಸರ್ ರೋಗಿ. ಯೂನಿಟ್ ಡಾಕ್ಟರು ‘ಸಿಪಿಆರ್ ಬೇಡ, ಕಡೆಯವರಿಗೆ ತಿಳಿಸಲಾಗಿದೆ’ ಎಂದು ಒಂದೇ ಸಾಲು ಬರೆದು ಹೋಗಿದ್ದಾರೆ ಅಂದುಕೊಳ್ಳಿ. ರಾತ್ರಿ ಎರಡಕ್ಕೆ ಪಲ್ಸ್ ಸಿಗದಿದ್ದರೆ ಡ್ಯೂಟಿಯಲ್ಲಿರುವವರು ಆ ಸಾಲನ್ನು ನೆಚ್ಚಬಹುದಾ? ಗುಣವಾಗುವ ಆಸೆಯಿಲ್ಲದವರ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಗ್ಗೆ 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶದ ಎರಡು ವೈದ್ಯಕೀಯ ಮಂಡಳಿಗಳು ಇದಕ್ಕೂ ಬೇಕಾ? ಡಿಎನ್‌ಎಆರ್ (ಸಿಪಿಆರ್ ಬೇಡ ಎಂಬ ಲಿಖಿತ ಸೂಚನೆ) ಆದವರಿಗೆ ಆ್ಯಂಟಿಬಯೋಟಿಕ್, ರಕ್ತ ಕೊಡುವುದನ್ನೂ ನಿಲ್ಲಿಸಬೇಕಾ?

ಐಸಿಯು_ಡ್ಯೂಟಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ನಿಲ್ಲಿಸಬೇಕಿಲ್ಲ. ಡಿಎನ್‌ಎಆರ್ ಎಂದರೆ ಹೃದಯ ನಿಂತ ಮೇಲೆ ಎದೆ ಒತ್ತುವುದು, ಷಾಕ್, ಉಸಿರಿಗೆ ಕೊಳವೆ, ಅಡ್ರಿನಲಿನ್ ಬೇಡ ಅಂತ ಅಷ್ಟೇ. ಜ್ವರ, ನೋವು, ಸೋಂಕಿನ ಚಿಕಿತ್ಸೆ ಎಂದಿನಂತೆ. ಗಂಟಲಿಗೆ ಅನ್ನ ಸಿಕ್ಕಿಕೊಂಡರೆ ಬೆನ್ನು ತಟ್ಟಿ ತೆಗೆಯಲೇಬೇಕು. ‘ಡಿಎನ್‌ಎಆರ್ ಇದೆಯಲ್ಲ’ ಎಂದು ಕೈಕಟ್ಟಿ ನಿಲ್ಲುವುದು ತಪ್ಪು.

ಆ ಒಂದು ಸಾಲು ಸಾಲದು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಡಿಎನ್‌ಎಆರ್ ಮಾರ್ಗಸೂಚಿ ಕೊಟ್ಟಿದೆ. ಕಾಯಿಲೆ ಯಾವುದು, ಸಿಪಿಆರ್‌ನಿಂದ ಯಾಕೆ ಪ್ರಯೋಜನವಿಲ್ಲ, ರೋಗಿಯ ಜೊತೆಯೇ ಮಾತಾಡಿದಿರಾ, ಇಲ್ಲವಾದರೆ ಯಾರ ಜೊತೆ, ಅವರು ರೋಗಿಗೆ ಏನಾಗಬೇಕು, ದಿನಾಂಕ, ಸಮಯ, ಸಹಿ: ಇಷ್ಟೂ ಕಾಗದದ ಮೇಲಿರಬೇಕು. ರೋಗಿ ಎಚ್ಚರವಿದ್ದೂ ಮಗನನ್ನು ಮಾತ್ರ ಕೇಳಿ ಬರೆದಿದ್ದರೆ ಅದು ಅಡಿಪಾಯವಿಲ್ಲದ ನಿರ್ಧಾರ.

ಎಡವಟ್ಟು ಹೆಚ್ಚಾಗುವುದು ಪಾಳಿ ಬದಲಾಗುವಾಗ, ವಾರ್ಡ್ ಬದಲಿಸುವಾಗ. ಹ್ಯಾಂಡೋವರ್‌ನಲ್ಲಿ ಬಾಯಿಮಾತಿನಲ್ಲೂ ಹೇಳಿ. ಕಾಗದ ಸಿಗದಿದ್ದರೆ, ಅಥವಾ ಮನೆಯವರು ಒಪ್ಪದೆ ಎರಡನೇ ಅಭಿಪ್ರಾಯಕ್ಕೆ ಕಾಯುತ್ತಿದ್ದರೆ, ಸಿಪಿಆರ್ ಶುರುಮಾಡುವುದೇ ಸರಿ, ಆಮೇಲೆ ನಿಲ್ಲಿಸಬಹುದು. ಆದರೆ ಕಡೆಯವರ ಕಣ್ಣಿಗೆ ತೋರಲೆಂದು ಮೆಲ್ಲಗೆ ಎದೆ ಒತ್ತುವ ನಾಟಕ ಬೇಡ. ಮಾಡಿದರೆ ನಿಮಿಷಕ್ಕೆ 100–120 ಸಲ, 5–6 ಸೆಂ.ಮೀ. ಆಳ. ಆ ಒತ್ತಡಕ್ಕೆ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಈ ಮಾತನ್ನು ಮುಂಚೆಯೇ ಹೇಳದೆ ಕಡೆಯವರಿಂದ ‘ಎಲ್ಲಾ ಮಾಡಿ’ ಅನ್ನಿಸಿಕೊಳ್ಳುವವರೇ ಜಾಸ್ತಿ.

ಆಪರೇಷನ್‌ಗೆ ಕರೆದೊಯ್ಯುವ ಮುನ್ನ ಅರಿವಳಿಕೆ ತಜ್ಞರ ಜೊತೆ ಮತ್ತೆ ಚರ್ಚಿಸಿ. ಅರಿವಳಿಕೆಯಲ್ಲೇ ಕೊಳವೆ, ಬಿಪಿ ಔಷಧಿ ಎಲ್ಲ ಬರುತ್ತೆ.

ಕಾನೂನು_ಮೇಜು

ಮಂಡಳಿಗಳ ವಿಷಯ ಸ್ವಲ್ಪ ಜಟಿಲ. ಘನತೆಯಿಂದ ಸಾಯುವ ಹಕ್ಕಿನ ಕುರಿತ ಕಾಮನ್ ಕಾಸ್ ಪ್ರಕರಣದ 2018ರ ತೀರ್ಪನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಸರಳಗೊಳಿಸಿತು. ಕರ್ನಾಟಕದ ಆದೇಶ ಅದನ್ನೇ ಜಾರಿಗೆ ತರುವುದು. ಪ್ರಾಥಮಿಕ ಮಂಡಳಿಯಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ವಿಷಯ ತಜ್ಞರು. ದ್ವಿತೀಯ ಮಂಡಳಿಯಲ್ಲಿ ಮೊದಲಿನವರು ಇರಬಾರದು. ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಇರಬೇಕು. ಆದಷ್ಟು 48 ಗಂಟೆಯೊಳಗೆ ತೀರ್ಮಾನ. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಅನುಮತಿ ಕೇಳುವುದಲ್ಲ.

ವೆಂಟಿಲೇಟರ್ ತೆಗೆಯುವುದಾದರೆ ಇಷ್ಟೂ ಬೇಕು, ಅನುಮಾನವಿಲ್ಲ. ಬರೀ ಡಿಎನ್‌ಎಆರ್ ಅನ್ನು ಐಸಿಎಂಆರ್ ರೀತಿಯಲ್ಲಿ ವೈದ್ಯರೇ ಬರೆಯುತ್ತಾರೆ. ಆದರೆ ತೀರ್ಪಿನ ಮಾತು ಚಿಕಿತ್ಸೆ ‘ಹಿಂತೆಗೆಯುವುದು’ ಮಾತ್ರವಲ್ಲ, ‘ತಡೆಹಿಡಿಯುವುದು’ ಕೂಡ. ಹಾಗಾಗಿ ಗೆರೆ ಎಲ್ಲಿ ಎಂದು ನಿಮ್ಮ ಆಸ್ಪತ್ರೆ ಲಿಖಿತ ನಿಯಮ ಮಾಡಿಕೊಳ್ಳಲಿ. ಅದನ್ನು ರಾತ್ರಿ ಎರಡಕ್ಕೆ ಸಿಸ್ಟರ್ ತಲೆಗೆ ಕಟ್ಟಬಾರದು.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ರೋಗಿ ಮೊದಲೇ ಉಯಿಲು (ಲಿವಿಂಗ್ ವಿಲ್) ಬರೆದಿಟ್ಟಿದ್ದರೆ ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದೆಯೇ ನೋಡಿ.

ಉಪಶಮನ_ಆರೈಕೆ

‘ಏನೂ ಮಾಡಬೇಡಿ ಅಂತ ಸಹಿ ಮಾಡಿ’ ಎಂದು ಕೇಳಿದರೆ ಯಾವ ಮಗಳೂ ಮಾಡಲ್ಲ. ‘ಅಪ್ಪನಿಗೆ ಮಾತಾಡಲು ಆಗಿದ್ದರೆ ಏನು ಹೇಳುತ್ತಿದ್ದರು’ ಎಂದು ಕೇಳಿ.

ಡಿಎನ್‌ಎಆರ್ ಬರೆದ ದಿನವೇ ರಾತ್ರಿಗೆ ಬೇಕಾದ ಔಷಧಿಯನ್ನೂ ಬರೆಸಿಕೊಳ್ಳಿ ಸಿಸ್ಟರ್. ಮೊದಲ ಬಾರಿ ಮಾರ್ಫಿನ್ ತೆಗೆದುಕೊಳ್ಳುವವರಿಗೆ ನೋವು, ಏದುಸಿರಿಗೆ ಬಾಯಲ್ಲಿ 2.5–5 ಮಿ.ಗ್ರಾಂ., 4 ಗಂಟೆಗೊಮ್ಮೆ. ಕಿಡ್ನಿ ಸರಿಯಿಲ್ಲದವರಿಗೆ ಕಡಿಮೆ, ಹೆಚ್ಚು ಅಂತರದಲ್ಲಿ. ಜೊತೆಗೆ ಮಲಬದ್ಧತೆಗೆ ಔಷಧಿ ಮರೆಯಬೇಡಿ. ಗಂಟಲಲ್ಲಿ ಗೊರಗೊರ ಬಂದರೆ ಮಗ್ಗುಲಾಗಿ ಮಲಗಿಸಿ, ಚರ್ಮದಡಿ ಗ್ಲೈಕೊಪೈರೊಲೇಟ್ 0.2 ಮಿ.ಗ್ರಾಂ. ಆಳಕ್ಕೆ ಸಕ್ಷನ್ ಹಾಕಿದರೆ ಹಿಂಸೆಯೇ ಹೆಚ್ಚು.

ವಾರ್ಡ್_ಸಿಸ್ಟರ್

ಇದೆಲ್ಲ ತಲೆನೋವು ಅಂತ ‘ವೈದ್ಯರ ಸಲಹೆ ವಿರುದ್ಧ’ ಬರೆಸಿ ಮನೆಗೆ ಕಳಿಸುತ್ತಾರಲ್ಲ?

ಉಪಶಮನ_ಆರೈಕೆ

ಹಾಗೆ ಕಳಿಸಿದರೆ ಮಾರ್ಫಿನ್ ಚೀಟಿಯೂ ಇಲ್ಲ, ಕರೆ ಮಾಡಲು ಡಾಕ್ಟರೂ ಇಲ್ಲ. ಕೊನೆಗೆ 108ಕ್ಕೆ ಫೋನ್ ಹೋಗುತ್ತೆ, ಕಾಗದ ಕಾಣದ ಅವರು ಎದೆ ಒತ್ತಲು ಶುರುಮಾಡುತ್ತಾರೆ. ಮನೆಗೇ ಹೋಗಬೇಕೆಂದರೆ ಸರಿಯಾದ ಡಿಸ್ಚಾರ್ಜ್ ಮಾಡಿ: ಡಿಎನ್‌ಎಆರ್ ಪ್ರತಿ, ಔಷಧಿ, ಮನೆಯಲ್ಲಿ ತೀರಿಕೊಂಡರೆ ಫಾರಂ 4ಎ (ಸಾವಿನ ಕಾರಣದ ಪ್ರಮಾಣಪತ್ರ) ಬರೆದುಕೊಡಲು ಒಪ್ಪಿದ ವೈದ್ಯರ ಹೆಸರು, ಫೋನ್ ನಂಬರ್.