ಮರುಬಳಕೆ ಮರಳಿನ ವಿಡಿಯೋ: ನಮ್ಮ ಸಿವಿಲ್ ಬ್ಯಾಚ್ ಗುಂಪಿನಲ್ಲಿ ನಡೆದ ವಾದ

ಮಂಜುನಾಥ (ವಿಡಿಯೋ ಕಳಿಸಿದ್ದಾನೆ): ಎಲ್ಲರೂ ನೋಡಿ. ಹಳೆ ಕಾಂಕ್ರೀಟ್ ಒಡೆದು ಪುಡಿ ಮಾಡಿ, ಆ ಪುಡಿಯನ್ನೇ ಮರಳಾಗಿ ಹಾಕಿ ಸೆಲ್ಫ್ ಕಂಪ್ಯಾಕ್ಟಿಂಗ್ ಕಾಂಕ್ರೀಟ್ (ಎಸ್‌ಸಿಸಿ, ತನ್ನ ಭಾರಕ್ಕೇ ಹರಿದು ಅಚ್ಚು ತುಂಬುವ ಕಾಂಕ್ರೀಟ್) ಮಾಡಿದ್ದಾರೆ. ಬೇರೆ ಮರಳು ಒಂದು ಹಿಡಿಯೂ ಇಲ್ಲ. ಹರಿವು ಅಳೆಯುವ ಪ್ಲೇಟ್ ಮೇಲೆ 700 ಮಿ.ಮೀ. ಅಗಲ ಹರಡಿದೆ! ಅಲುಗಾಡಿಸಿ ಕೂರಿಸುವ ವೈಬ್ರೇಟರ್ ಬೇಡ, ನದಿ ಅಗೆಯುವುದೂ ಬೇಡ.

ಶ್ರೀಧರ: ಮಂಜು, ದಪ್ಪ ಜಲ್ಲಿಯನ್ನು ಮರುಬಳಕೆ ಮಾಡಿದರೆ ನಾನು ಒಪ್ಪುತ್ತೇನೆ. ಪುಡಿಯನ್ನು ಒಪ್ಪುವುದಿಲ್ಲ. ಯುರೋಪಿನ ಕಾಂಕ್ರೀಟ್ ಮಾನದಂಡ ಇಎನ್ 206 ಕೂಡ ಶಿಫಾರಸು ಕೊಡುವುದು 4 ಮಿ.ಮೀ.ಗಿಂತ ದಪ್ಪ ಇರುವ ಮರುಬಳಕೆ ಜಲ್ಲಿಗೆ ಮಾತ್ರ.

ಮಂಜುನಾಥ: ಜಪಾನಿನವರು ಮರಳಿಗೂ ಕೊಟ್ಟಿದ್ದಾರಲ್ಲ. ಅವರ ಮಾನದಂಡ ಜೆಐಎಸ್ ಎ 5021 ತೆಗೆದು ನೋಡು. ಎಸ್‌ಸಿಸಿ ಹುಟ್ಟಿದ್ದೂ ಅಲ್ಲೇ, 1988ರಲ್ಲಿ.

ಶ್ರೀಧರ: ನೋಡಿದ್ದೇನೆ. ಅದರಲ್ಲಿ ಮರಳು ನೀರು ಹೀರುವ ಮಿತಿ ಶೇ 3.5. ಮಾಮೂಲಿ ಕ್ರಷರ್‌ನಲ್ಲಿ ಒಡೆದ ಪುಡಿ ಆ ಮಿತಿಯೊಳಗೆ ಬರುವುದು ಕಷ್ಟ. ಅಂಟಿಕೊಂಡ ಹಳೆ ಗಾರೆಯನ್ನು ಉಜ್ಜಿ ತೆಗೆಯಬೇಕು. ಅಷ್ಟು ಮಾಡಿದ ಮರಳು ಈ ವಿಡಿಯೋದಲ್ಲಿ ಇದೆಯಾ?

ಸುಮಾ: ಒಂದು ನಿಮಿಷ ಇಬ್ಬರೂ ನಿಲ್ಲಿ. ವಿಡಿಯೋದ ಕೊನೆಯ ಹತ್ತು ಸೆಕೆಂಡ್ ಮತ್ತೆ ನೋಡಿ. ಹರಡಿದ ಕಾಂಕ್ರೀಟಿನ ಅಂಚಿನಲ್ಲಿ ತೆಳು ನೀರಿನ ಉಂಗುರ ಇದೆ. ಜಲ್ಲಿ ಎಲ್ಲಾ ನಡುವೆ ಗುಡ್ಡೆಯಾಗಿ ಉಳಿದಿದೆ. ಇದು ಸೆಗ್ರಿಗೇಷನ್ ಕಣೋ ಮಂಜು, ಅಂದರೆ ಜಲ್ಲಿ, ನೀರು ಬೇರೆಬೇರೆ ಆಗಿವೆ. 700 ಅನ್ನುವ ಸಂಖ್ಯೆ ಸರಿ ಇರಬಹುದು, ಆ ಕಾಂಕ್ರೀಟ್ ಸರಿ ಇಲ್ಲ.

ಮಂಜುನಾಥ: ಹರಿವು ಹೆಚ್ಚಿಸುವ ರಾಸಾಯನಿಕ (ಅಡ್‌ಮಿಕ್ಸ್ಚರ್) ಸ್ವಲ್ಪ ಜಾಸ್ತಿ ಆಗಿರಬೇಕು. ಅಷ್ಟಕ್ಕೇ ಮರಳು ಕೆಟ್ಟದ್ದು ಅನ್ನಬೇಕಾ?

ಸುಮಾ: ಮರಳು ಕೆಟ್ಟದ್ದು ಅಂತ ನಾನು ಹೇಳಲೇ ಇಲ್ಲ. ಮೂರು ವರ್ಷದಿಂದ ಲ್ಯಾಬ್‌ನಲ್ಲಿ ಇದನ್ನೇ ಮಾಡುತ್ತಿದ್ದೇನೆ, ಇದು ಉಳಿಯಲಿ ಅಂತ ನನಗೂ ಆಸೆ. ಲೆಕ್ಕ ಹಾಕು. ಎಸ್‌ಸಿಸಿಯಲ್ಲಿ ಮರಳು ಒಟ್ಟು ಜಲ್ಲಿ-ಮರಳಿನ ಸುಮಾರು ಅರ್ಧ. ಒಂದು ಘನ ಮೀಟರ್‌ಗೆ 850 ಕೆ.ಜಿ. ಅಂದುಕೋ. ಮರುಬಳಕೆ ಮರಳು ಶೇ 8ರಷ್ಟು ಹೀರುತ್ತದೆ ಅಂದರೆ 68 ಲೀಟರ್. ಮಿಕ್ಸ್‌ಗೆ ಹಾಕುವ ನೀರೇ 180 ಲೀಟರ್ ಇರುವಾಗ! ಒಣ ಮರಳು ತಂದು, ಹೀರುವ ನೀರನ್ನೂ ಸೇರಿಸಿ ಒಂದೇ ಸಲ ಸುರಿದರೆ ಮೊದಲ ನಿಮಿಷ ಆ 68 ಲೀಟರ್ ಹೊರಗೇ ಓಡಾಡುತ್ತಿರುತ್ತದೆ. ಆಗ ಪ್ಲೇಟ್ ಮೇಲೆ ಚೆನ್ನಾಗಿ ಹರಡುತ್ತದೆ, ಬೇರೆಬೇರೆಯೂ ಆಗುತ್ತದೆ. ಆಮೇಲೆ ಮರಳು ಕುಡಿಯಲು ಶುರು ಮಾಡುತ್ತದೆ, ಹರಿವು ಬೀಳುತ್ತದೆ. ವಿಡಿಯೋ ಅಷ್ಟರಲ್ಲಿ ಮುಗಿದಿದೆ.

ಫಯಾಜ್: ಸುಮಾ ಹೇಳುವುದು ನನಗೆ ಆಗಿದೆ. ಒಂದು ಗೋಡೆಗೆ ಕಾಂಕ್ರೀಟ್ ಕಳಿಸಿದ್ದೆವು, ಶೇ 40 ಮರುಬಳಕೆ ಮರಳು. ಪ್ಲಾಂಟಿನಲ್ಲಿ ಹರಿವು 680 ಮಿ.ಮೀ. ಇತ್ತು. ಟ್ರಾನ್ಸಿಟ್ ಮಿಕ್ಸರ್ ಸೈಟ್ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಸುರಿದ ಕಾಂಕ್ರೀಟ್ ಕಂಬಿಗಳ ಹಿಂದೆಯೇ ನಿಂತುಬಿಟ್ಟಿತು. ಸೆಂಟ್ರಿಂಗ್ ಬಿಚ್ಚಿದಾಗ ಕೆಳಗಿನ ಒಂದು ಮೀಟರ್ ಪೂರ್ತಿ ಹನಿಕೋಂಬ್, ಜೇನುಗೂಡಿನ ಹಾಗೆ ತೂತು. ಎಸ್‌ಸಿಸಿ ಅಂತ ವೈಬ್ರೇಟರ್ ಕೂಡ ತಂದಿರಲಿಲ್ಲ. ಆ ದಿನ ನಾನು ಊಟ ಮಾಡಲಿಲ್ಲ.

ಶ್ರೀಧರ: ಇದನ್ನೇ ನಾನು ಹೇಳಿದ್ದು. ಮಾಮೂಲಿ ಕಾಂಕ್ರೀಟಲ್ಲಿ ಹರಿವು ಬಿದ್ದರೆ ವೈಬ್ರೇಟರ್ ಇಟ್ಟು ಸರಿ ಮಾಡಬಹುದು. ಎಸ್‌ಸಿಸಿಗೆ ಆ ಆಸರೆ ಇಲ್ಲ.

ಸುಮಾ: ಸರಿ. ಆದರೆ ಫಯಾಜ್, ನಿಮ್ಮ ಮರಳಿನ ಬಿನ್‌ನ ತೇವ ಅಳೆಯುವ ಪ್ರೋಬ್ ಯಾವ ಮರಳಿಗೆ ಕ್ಯಾಲಿಬ್ರೇಟ್ ಆಗಿತ್ತು?

ಫಯಾಜ್: ಮೊದಲಿನ ಮರಳಿಗೇ. ಬದಲಾಯಿಸಲಿಲ್ಲ. ಅದು ನಮ್ಮ ತಪ್ಪು.

ಸುಮಾ: ಅದು ಒಂದು. ಇನ್ನೊಂದು, ಹೀರುವಿಕೆಯನ್ನು ಕೋನ್ ಇಟ್ಟು ಅಳೆದಿರುತ್ತೀರಿ. ಒದ್ದೆ ಮರಳನ್ನು ಕೋನ್ ಒಳಗೆ ತುಂಬಿ, ಕೋನ್ ತೆಗೆದಾಗ ಮರಳು ಕುಸಿದರೆ ಮೇಲ್ಮೈ ಒಣಗಿದೆ ಅಂತ ಲೆಕ್ಕ. ಈ ಪುಡಿಯಲ್ಲಿ ಧೂಳು ಜಾಸ್ತಿ, ಕಾಳುಗಳಿಗೆ ಮೂಲೆಗಳು ಜಾಸ್ತಿ. ಮೇಲ್ಮೈ ಒಣಗಿದರೂ ಕೋನ್ ತೆಗೆದಾಗ ಬೀಳುವುದಿಲ್ಲ. ಇನ್ನೂ ಒದ್ದೆ ಇದೆ ಅಂತ ಮತ್ತೆ ಒಣಗಿಸುತ್ತೀರಿ, ಉತ್ತರ ಕಡಿಮೆ ಬರುತ್ತದೆ. ಅಲ್ಲಿಂದಲೇ ಮಿಕ್ಸ್‌ನ ನೀರು ತಪ್ಪುತ್ತದೆ.

ಮಂಜುನಾಥ: ಹಾಗಾದರೆ ಏನು ಮಾಡಬೇಕು? ಸುಮ್ನೆ ಬಿಟ್ಟುಬಿಡಬೇಕಾ? ಒಡೆದ ಕಾಂಕ್ರೀಟಿನಲ್ಲಿ ಜಲ್ಲಿ ತೆಗೆದ ಮೇಲೆ ಉಳಿಯುವ ಪುಡಿ ರಾಶಿ ರಾಶಿ ಬಿದ್ದಿರುತ್ತದೆ. ಅದು ತಗ್ಗು ತುಂಬುವುದಕ್ಕೆ ಹೋಗುತ್ತದೆ. ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸುಮಾ: ಬಿಡಬೇಡ. ಹಿಂದಿನ ದಿನವೇ ಮರಳನ್ನು ನೆನೆಸಿ, ಟಾರ್ಪಾಲ್ ಮುಚ್ಚಿ ಇಡು. ಬೆಳಿಗ್ಗೆ ತೇವ ಅಳೆದು ಆ ನೀರನ್ನು ಲೆಕ್ಕದಿಂದ ಕಳೆ. ಹೊಟ್ಟೆ ತುಂಬಿದ ಮರಳು ಮಿಕ್ಸ್‌ನ ನೀರಿಗೆ ಕೈ ಹಾಕುವುದಿಲ್ಲ. ಒಳಗಿರುವ ನೀರು ಆಮೇಲೆ ನಿಧಾನವಾಗಿ ಹೊರಗೆ ಬಂದು ಒಳಗಿಂದಲೇ ಕ್ಯೂರಿಂಗ್ ಮಾಡುತ್ತದೆ. ಬದಲಿ ಹಾಕುವಾಗ ತೂಕಕ್ಕೆ ತೂಕ ಹಾಕಬೇಡ, ಗಾತ್ರಕ್ಕೆ ಗಾತ್ರ ಹಾಕು. ಈ ಮರಳು ಹಗುರ. ಅದೇ ತೂಕ ಹಾಕಿದರೆ ಗಾತ್ರ ಹೆಚ್ಚಾಗಿ ಸಿಮೆಂಟ್-ನೀರಿನ ಪೇಸ್ಟ್ ಸಾಲುವುದಿಲ್ಲ. ಶೇ 20ರಿಂದ ಶುರು ಮಾಡು, ವಿಡಿಯೋದವರ ಹಾಗೆ ನೂರಕ್ಕೆ ಹಾರಬೇಡ. ಹರಿವನ್ನು ಮಿಕ್ಸರ್ ಬಾಯಲ್ಲಿ ಒಮ್ಮೆ, 30 ನಿಮಿಷಕ್ಕೆ, 60ಕ್ಕೆ, 90ಕ್ಕೆ ನೋಡು. ಪ್ಲೇಟ್ ಒಂದೇ ಸಾಲದು. ಕಂಬಿಗಳ ನಡುವೆ ಹರಿಸಿ, ಆಚೆ ತುದಿಯ ಎತ್ತರ ಈಚೆಯದಕ್ಕೆ ಎಷ್ಟು ಪಾಲು ಅಂತ ನೋಡುವ ಪರೀಕ್ಷೆ ಎಲ್-ಬಾಕ್ಸ್. ಎಲ್-ಬಾಕ್ಸ್‌ನಲ್ಲಿ ಅನುಪಾತ 0.80 ಆದರೂ ಬರಬೇಕು.

ಶ್ರೀಧರ: ಹರಿವು ಸರಿ ಆಯಿತು ಅಂದುಕೊಳ್ಳೋಣ. ಗಟ್ಟಿಯಾದ ಮೇಲೆ? ಒಣಗಿ ಕುಗ್ಗುವುದು ಹೆಚ್ಚುತ್ತದೆ, ಎಲಾಸ್ಟಿಕ್ ಮಾಡ್ಯುಲಸ್ (ಬಾಗದೆ ನಿಲ್ಲುವ ಬಿಗಿತ) ಇಳಿಯುತ್ತದೆ. ಎಸ್‌ಸಿಸಿಯಲ್ಲಿ ಪೇಸ್ಟ್ ಮೊದಲೇ ಜಾಸ್ತಿ, ಕುಗ್ಗುವುದೂ ಜಾಸ್ತಿ. ಅದರ ಮೇಲೆ ಇದು. ಶಕ್ತಿ ಪರೀಕ್ಷೆಯ ಕ್ಯೂಬ್ ಒಳ್ಳೆಯ ಸಂಖ್ಯೆ ಕೊಟ್ಟರೂ ತೊಲೆ ಬಾಗುವುದನ್ನು ಕ್ಯೂಬ್ ಹೇಳುವುದಿಲ್ಲ.

ಸುಮಾ: ಇದಕ್ಕೆ ನನ್ನ ತಕರಾರಿಲ್ಲ ಶ್ರೀಧರ. ನೀನು ಹೇಳದ ಇನ್ನೊಂದೂ ಇದೆ. ಒಡೆದ ಕಟ್ಟಡದಿಂದ ಜಿಪ್ಸಮ್ ಪ್ಲಾಸ್ಟರ್ ಬೆರೆತು ಬಂದರೆ ಅದು ಪುಡಿಯಲ್ಲೇ ಸೇರುತ್ತದೆ. ಆ ಸಲ್ಫೇಟ್ ಮುಂದೆ ಒಳಗೇ ಹಿಗ್ಗಿ ಬಿರುಕು ತರುತ್ತದೆ. ಅದಕ್ಕೆ ನಾನು ಬರೀ ಕಾಂಕ್ರೀಟ್ ಒಡೆದ ಪುಡಿಯನ್ನೇ ತೆಗೆದುಕೊಳ್ಳುತ್ತೇನೆ, ಸಲ್ಫೇಟ್ ಪರೀಕ್ಷೆ ಆಗದೆ ಮುಟ್ಟುವುದಿಲ್ಲ. ಆದರೆ ಇಷ್ಟು ನೋಡಿಕೊಂಡ ಮೇಲೂ ಬೇಡ ಅಂದರೆ ನಾನು ಒಪ್ಪುವುದಿಲ್ಲ.

ಶ್ರೀಧರ: ಬೇಡ ಅನ್ನುತ್ತಿಲ್ಲ. ತೊಲೆ, ಕಾಲಮ್ ಬಿಟ್ಟು ಬೇರೆ ಕಡೆ ಮೊದಲು ಮಾಡಿ ತೋರಿಸಿ.

ಮಂಜುನಾಥ: ನಮ್ಮಲ್ಲಿ ಕಾಂಪೌಂಡ್ ಗೋಡೆಯ ಪ್ಯಾನೆಲ್‌ಗಳಿವೆ. ತೆಳು, ಒಳಗೆ ಜಾಲರಿ. ಅದಕ್ಕೆ ಶೇ 20. ಆಗಬಹುದಾ?

ಸುಮಾ: ಆಗಬಹುದು. ಮರಳು ಇವತ್ತು ಸಂಜೆಯೇ ನೆನೆಸು.

ಫಯಾಜ್: ನಾನು ಬರುತ್ತೇನೆ ಮಂಜು. ಗಡಿಯಾರ ನಾನೇ ಹಿಡಿಯುತ್ತೇನೆ. 90 ನಿಮಿಷ ಆಗುವವರೆಗೆ ಯಾರೂ ಪ್ಲೇಟ್ ತೊಳೆಯುವ ಹಾಗಿಲ್ಲ.

ಶ್ರೀಧರ: ಕ್ಯೂಬ್ ಜೊತೆಗೆ ಕುಗ್ಗುವಿಕೆ ಅಳೆಯಲು ಮೂರು ಕಾಂಕ್ರೀಟ್ ಬಾರ್ ಹಾಕಿ ಇಡಿ. ಅದೇ ಮಿಕ್ಸ್ ಮಾಮೂಲಿ ಮರಳಲ್ಲೂ ಮೂರು. ಎರಡರ ಅಳತೆಗಳನ್ನೂ ನನಗೆ ಕಳಿಸಿ, ಆಮೇಲೆ ಕಾಲಮ್ ಬಗ್ಗೆ ಮಾತಾಡೋಣ.

ಮಂಜುನಾಥ: ಆಯ್ತು. ಟಾರ್ಪಾಲ್ ಹುಡುಕಲು ಹೊರಟೆ.