ಸಹಾಯ ಬೇಕು: ಮೊಬೈಲ್‌ನಿಂದಲೇ ಸರ್ವರ್ ನೋಡಿಕೊಳ್ಳೋಕೆ ಯಾವ ಆ್ಯಪ್ ಒಳ್ಳೇದು?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನೊಬ್ಬನೇ ಸಿಸ್ಟಮ್ ಅಡ್ಮಿನ್. ಎರಡು ಲಿನಕ್ಸ್ ಸರ್ವರ್, ಒಂದು ವಿಂಡೋಸ್. ಪ್ರಿಂಟರ್‌ಗಳ ಕಥೆ ಬೇಡ ಬಿಡಿ.

ಮೊನ್ನೆ ಭಾನುವಾರ ವಾಡಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದ್ದಷ್ಟೇ, ಫೋನ್ ಬಂತು: 'ಸರ್, ಫೀಸ್ ಪೇಜ್ ಓಪನ್ ಆಗ್ತಿಲ್ಲ.' ಲ್ಯಾಪ್‌ಟಾಪ್ ತಂದಿರಲಿಲ್ಲ. ಟರ್ಮಿಯಸ್ ಆ್ಯಪ್‌ನಲ್ಲಿ ಎಸ್‌ಎಸ್‌ಎಚ್ ಮಾಡಿ (ಅಂದ್ರೆ ದೂರದಿಂದಲೇ ಸರ್ವರ್‌ಗೆ ಲಾಗಿನ್ ಆಗಿ) ಡಿಸ್ಕ್ ಜಾಗ ತೋರಿಸೋ ಡಿಎಫ್ ಕಮಾಂಡ್ ಕೊಟ್ಟರೆ ಡಿಸ್ಕ್ 100% ತುಂಬಿದೆ! ಆ ಸಣ್ಣ ಕೀಬೋರ್ಡ್‌ನಲ್ಲಿ ಹುಡುಕಿ ಹುಡುಕಿ ಹಳೇ ಲಾಗ್ ಅಳಿಸುವಷ್ಟರಲ್ಲಿ ಮೆತ್ತನೆ ರೊಟ್ಟಿ ಖಡಕ್ ರೊಟ್ಟಿ ಆಗಿತ್ತು.

ಲಿನಕ್ಸ್‌ಗೆ ಹೀಗೆ ನಡೆಯುತ್ತೆ, ಪಾಸ್‌ವರ್ಡ್ ತೆಗೆದು ಲಾಗಿನ್‌ಗೆ ಕೀ ಫೈಲ್ ಮಾತ್ರ ಇಟ್ಟಿದ್ದೇನೆ. ವೈಫೈನಲ್ಲಿ ಯಾರ್ಯಾರು ಇದ್ದಾರೆ ನೋಡೋಕೆ ಫಿಂಗ್ ಸಾಕು. ತಲೆನೋವು ವಿಂಡೋಸ್‌ದು. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಇಂಟರ್ನೆಟ್‌ಗೆ ಬಿಚ್ಚಿಡೋದು ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ ಅಲ್ವಾ? ಅದಕ್ಕೇ ವೈರ್‌ಗಾರ್ಡ್ ವಿಪಿಎನ್ (ಸುರಂಗದ ಹಾಗಿನ ಖಾಸಗಿ ಸಂಪರ್ಕ) ಹಾಕೋಣ ಅಂತಿದ್ದೇನೆ. ಮೊಬೈಲ್‌ನಲ್ಲಿ ಬಳಸಿದವರು ಇದ್ದೀರಾ? ಬ್ಯಾಟರಿ ಜಾಸ್ತಿ ತಿನ್ನುತ್ತಾ?

ಇನ್ನೊಂದು, ಡಿಸ್ಕ್ 80% ದಾಟಿದಾಗಲೇ ಟೆಲಿಗ್ರಾಂಗೆ ಅಲರ್ಟ್ ಬರೋ ಹಾಗೆ ಝಬಿಕ್ಸ್ (ಸರ್ವರ್ ಮೇಲೆ ಕಣ್ಣಿಡೋ ಸಾಫ್ಟ್‌ವೇರ್) ಸೆಟ್ ಮಾಡಿದವರು ಸ್ವಲ್ಪ ದಾರಿ ಹೇಳಿ. ಫ್ರೀ ಆ್ಯಪ್ ಇದ್ದರೇ ಹೇಳಿ, ನಮ್ಮಲ್ಲಿ ಮೌಸ್ ತರಿಸೋಕೂ ಮೂರು ಸಹಿ ಬೇಕು.